ಮಾತು ಕೇಳುವಷ್ಟು ದೂರ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಈಗ ಮಾಧಾಪುರದ ಕಂಪನಿಯೊಂದರಲ್ಲಿ ಕೆಲಸ. ನನ್ನ ಹೆಗಲಿಗೆ ನೇತುಬಿದ್ದಿದ್ದ ಹಳೆಯ ಕ್ಯಾಮೆರಾ ನೋಡಿ, "ಕಾಕೂ, ಇದು ಫಿಲ್ಮ್ ಕ್ಯಾಮೆರಾ ಅಲ್ಲಾ? ಇನ್ನೂ ನಡೀತದಾ?" ಎಂದು ಕೇಳಿದ. "ನಡೀತದಪ್ಪಾ, ನನ್ನ ಮೊಣಕಾಲಿಗಿಂತ ಛಲೋ ನಡೀತದ" ಎಂದೆ. ನಕ್ಕ. ಆಮೇಲೆ ನಿಜವಾದ ಪ್ರಶ್ನೆ ಬಂತು: "ನನಗೂ ಒಂದು ತಗೋಬೇಕಾಗ್ಯದ. ಚಾರ್‌ಮಿನಾರ್ ಕಡೆ ಹೋಗಿ ಸ್ಟ್ರೀಟ್ ಫೋಟೋಗ್ರಫಿ ಮಾಡಬೇಕಂತ ಆಸೆ. ಯಾವ ಕ್ಯಾಮೆರಾ ತಗೊಳ್ಲಿ? ಯಾವ ಲೆನ್ಸು?"

ಕೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ, ಹಿಂದೆ ಉದ್ದನೆಯ ಸಾಲು. ಅಲ್ಲಿ ಏನು ಉತ್ತರ ಹೇಳಲಿ? ಅಷ್ಟರಲ್ಲಿ ಇನ್ನಿಬ್ಬರು ಹುಡುಗಿಯರು ಸೇರಿಕೊಂಡರು. ಒಬ್ಬಳಿಗೆ ಲೈಕಾ ಬೇಕಂತೆ. ಇನ್ನೊಬ್ಬಳಿಗೆ ದೂರದಿಂದಲೇ ಕ್ಲೋಸಪ್ ತೆಗೆಯುವ ಲೆನ್ಸ್ ಬೇಕಂತೆ, ಯಾರಿಗೂ ಗೊತ್ತಾಗಬಾರದಂತೆ. ಆ ಮಾತು ಕೇಳಿ ನನಗೆ ಎಲ್ಲೋ ಸಣ್ಣಗೆ ಚುಚ್ಚಿದಂತಾಯಿತು. ಯಾಕೆಂದು ಮುಂದೆ ಹೇಳುತ್ತೇನೆ. ಪಕ್ಕದಲ್ಲೇ ಇದ್ದ ನಮ್ಮ ಪತ್ರಿಕೆಯ ಸಂಪಾದಕರು, "ಇದನ್ನೇ ಬರೆದುಕೊಡಿ, ಯುವಕರ ಪುಟಕ್ಕೆ ಆಗುತ್ತದೆ" ಎಂದರು. ಹಾಗಾಗಿ ಈ ಬರಹ. ಕನ್ನಡ ಮಾತಾಡಲು ಬಂದರೂ ಓದಲು ತಡವರಿಸುವವರು ನಿಮ್ಮಲ್ಲಿದ್ದರೆ ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ. ನಾಚಿಕೆ ಬೇಡ.

ಮೊದಲೇ ಹೇಳಿಬಿಡುತ್ತೇನೆ. ನಾನು ಫೋಟೋಗ್ರಾಫರ್ ಅಲ್ಲ. ನನ್ನ ಹೆಸರಿನ ಮುಂದಿರುವುದು ಕಲಬುರಗಿಯಲ್ಲಿ ಓದಿದ ಒಂದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯದ್ದು. ಉಳಿದದ್ದೆಲ್ಲ ಒಲೆ, ಒಗೆತ, ಮಕ್ಕಳ ಟಿಫಿನ್ ಡಬ್ಬಿ. ಆದರೆ ಸುಮಾರು ಮೂವತ್ತು ವರ್ಷಗಳಿಂದ ಈ ಊರಿನ ಬೀದಿಗಳಲ್ಲಿ ಕ್ಯಾಮೆರಾ ಹಿಡಿದು ತಪ್ಪು ಮಾಡುತ್ತ ಬಂದಿದ್ದೇನೆ. ನಾನು ಕೊಡಬಹುದಾದದ್ದು ಆ ತಪ್ಪುಗಳನ್ನೇ.

ರಾಯಚೂರಿನಲ್ಲಿ ನಮ್ಮಪ್ಪನ ಹತ್ತಿರ ಒಂದು ಆಗ್ಫಾ ಕ್ಲಿಕ್ 3 ಇತ್ತು. ಬರೋಡದಲ್ಲಿ ತಯಾರಾಗುತ್ತಿದ್ದ ಆ ಕರಿ ಡಬ್ಬಿಯನ್ನು ನಿಮ್ಮ ಅಜ್ಜಂದಿರು ಖಂಡಿತ ನೋಡಿರುತ್ತಾರೆ. ಒಂದು ರೋಲಿಗೆ ಹನ್ನೆರಡೇ ಚೌಕದ ಚಿತ್ರ. ಫೋಕಸ್ ಮಾಡುವ ಗೋಜಿಲ್ಲ, ಲೆನ್ಸ್ ಬದಲಿಸುವ ಮಾತಿಲ್ಲ. ಅಪ್ಪ ಹೆಜ್ಜೆ ಎಣಿಸುತ್ತ ಹಿಂದೆ ಸರಿದು, "ಹತ್ತಡಿ ಆತು, ನಗ್ರಿ" ಎನ್ನುತ್ತಿದ್ದರು. ಹನ್ನೆರಡು ಚಿತ್ರಕ್ಕೆ ಒಮ್ಮೊಮ್ಮೆ ಆರು ತಿಂಗಳು ಹಿಡಿಯುತ್ತಿತ್ತು.

1992ರಲ್ಲಿ ಮದುವೆಯಾಗಿ ಕಾಚಿಗುಡಕ್ಕೆ ಬಂದೆ. ಮಗ ಹುಟ್ಟಿದ ಮೇಲೆ ನಮ್ಮವರು ಒಂದು ಯಾಶಿಕಾ ಎಂಎಫ್-2 ತಂದರು. ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಎಲ್ಲೆಲ್ಲೂ ಅದೇ. ನಾಮಕರಣ, ಜಾವಳ, ಸಂಕ್ರಾಂತಿಯ ಎಳ್ಳು-ಬೆಲ್ಲ ಎಲ್ಲ ಅದರಲ್ಲೇ ತೆಗೆದೆವು. ಆದರೆ ನನ್ನ ಕಣ್ಣು ಇದ್ದದ್ದು ಬೀದಿಯ ಮೇಲೆ. ತರಕಾರಿಗೆಂದು ಬಡೀಚೌಡಿಗೆ, ಬಟ್ಟೆಗೆಂದು ಸುಲ್ತಾನ್ ಬಜಾರಿಗೆ ನಡೆದು ಹೋಗುವಾಗ ಕಾಣುತ್ತಿದ್ದ ಮುಖಗಳು! ಸೀರೆಯ ಗಂಟಿಗೆ ತಲೆಯಿಟ್ಟು ಮಲಗಿದ ಹಮಾಲಿ, ಲಾಡ್ ಬಜಾರಿನ ಸಂದಿಯಲ್ಲಿ ಅರಗನ್ನು ಕಾಯಿಸಿ ಬಳೆ ತಿರುವುವ ಹೆಂಗಸು, ಇರಾನಿ ಹೋಟೆಲಿನ ಮುಂದೆ ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವ ಮುದುಕರು. ಮನೆಗೆ ಬಂದು ಪಲ್ಯ ಹೆಚ್ಚುವಾಗ ಈ ಚಿತ್ರಗಳೇ ಕಣ್ಣ ಮುಂದೆ.

ಸಾಸಿವೆ ಡಬ್ಬಿಯಲ್ಲಿ ಎರಡು ವರ್ಷ ಕೂಡಿಟ್ಟ ಹಣದಿಂದ 1998ರಲ್ಲಿ ಕೋಠಿಯ ಅಂಗಡಿಯೊಂದರಲ್ಲಿ ಸೆಕೆಂಡ್‌ಹ್ಯಾಂಡ್ ಪೆಂಟಾಕ್ಸ್ ಕೆ1000 ಕೊಂಡೆ. "ಯಾವ ಲೆನ್ಸ್ ಕೊಡಲಿ?" ಎಂದು ಅಂಗಡಿಯವರು ಕೇಳಿದರು. ನಾನು ಹೆಂಗಸು, ಹೊರಗಿನವಳು, ಸಂಕೋಚದವಳು. ಜನರ ಹತ್ತಿರ ಹೋಗದೆ ತೆಗೆಯುವಂಥದ್ದು ಬೇಕೆಂದೆ. ಅವರು 70ರಿಂದ 210 ಎಂಎಂವರೆಗಿನ ಜೂಮ್ ಲೆನ್ಸ್ ಹಚ್ಚಿ ಕೊಟ್ಟರು. ನಮ್ಮ ಮನೆಯ ಒಡೆಮುರುಕ ಕುಕ್ಕರಿನಷ್ಟು ಭಾರ. ಆದರೂ ಬೀದಿಯ ಆಚೆ ಇರುವ ಮುಖ ಪಕ್ಕದಲ್ಲೇ ಇದ್ದಂತೆ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೊದಲ ರೋಲು ಪೂರ್ತಿ ಖಾಲಿ ಬಂತು! ಫಿಲ್ಮಿನ ತುದಿ ಸುರುಳಿಗೆ ಸಿಕ್ಕಿಕೊಂಡಿರಲೇ ಇಲ್ಲ. ಯುಗಾದಿ ಕಾರ್ಯಕ್ರಮದ 36 ಚಿತ್ರಗಳನ್ನು ನಾನು ಗಾಳಿಯ ಮೇಲೆ ತೆಗೆದಿದ್ದೆ. ಆವತ್ತು ಕಲಿತ ಪಾಠ ನಿಮಗೆ ಬಿಟ್ಟಿ: ರೋಲು ಹಾಕಿ ಮುಚ್ಚಿದ ಮೇಲೆ ಎಡಗಡೆಯ ಸುತ್ತುವ ಗುಬುಟನ್ನು ಮೆಲ್ಲಗೆ ತಿರುವಿ ಸಡಿಲು ತೆಗೆಯಿರಿ. ಆಮೇಲೆ ಪ್ರತಿ ಸಲ ಲಿವರ್ ಎಳೆದಾಗ ಆ ಗುಬುಟು ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ ಎಂದೇ ಅರ್ಥ.

ಎರಡನೆಯ ರೋಲಿನ ಕಥೆ ಇದಕ್ಕಿಂತ ದೊಡ್ಡದು. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಬಳಿ ಒಬ್ಬ ವಯಸ್ಸಾದ ಹೆಂಗಸು ಹೂ ಮಾರುತ್ತ ಕೂಡುತ್ತಿದ್ದಳು. ಅಂಗೈಯಗಲ ಕುಂಕುಮ, ಮೂಗಿನಲ್ಲಿ ಎರಡೂ ಕಡೆ ನತ್ತು, ಪಕ್ಕದಲ್ಲಿ ಮೊಮ್ಮಗಳು. ನಾನು ಬೀದಿಯ ಈಚೆ, ಸುಮಾರು ನಲವತ್ತು ಅಡಿ ದೂರದಲ್ಲಿ, ಕಂಬದ ಮರೆಗೆ ನಿಂತು ಜೂಮ್ ಏರಿಸಿದೆ. ಮೂರು ಚಿತ್ರ ತೆಗೆದಿರಬೇಕು. ಅವಳು ತಲೆಯೆತ್ತಿ ನೇರ ನನ್ನತ್ತ ನೋಡಿ, ಇಡೀ ಬಜಾರು ಕೇಳುವಂತೆ ಕೂಗಿದಳು: "ಕ್ಯಾ ಅಮ್ಮಾ, ಚೋರೀ ಚೋರೀ ಫೋಟೋ ಕಾಯ್ಕು ಲೇರೇ? ಆಕೇ ಪೂಛೇ ತೋ ಕ್ಯಾ ಜಾತಾ?" ಕದ್ದು ಕದ್ದು ಯಾಕೆ ತೆಗೆಯುತ್ತೀ, ಬಂದು ಕೇಳಿದರೆ ನಿನ್ನದೇನು ಹೋಗುತ್ತದೆ ಎಂದು.

ಎಲ್ಲರೂ ತಿರುಗಿ ನೋಡಿದರು. ನಾನು ಕ್ಯಾಮೆರಾವನ್ನು ತರಕಾರಿ ಚೀಲದೊಳಗೆ, ಮೆಂತ್ಯದ ಸೂಡಿನ ಕೆಳಗೆ ತುರುಕಿ ಓಡಿದೆ. ಮನೆಗೆ ಬಂದವಳು ಅದನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟೆ. ಎರಡು ವರ್ಷ ತೆಗೆಯಲಿಲ್ಲ. ಆ ಬೀದಿಯಲ್ಲಿ ಹೂ ಕೊಳ್ಳುವುದನ್ನೂ ಬಿಟ್ಟೆ. ತೊಳೆದು ಬಂದ ಮೂರು ಚಿತ್ರಗಳಲ್ಲಿ ಮುಖವೇನೋ ದೊಡ್ಡದಾಗಿತ್ತು. ಹಿಂದಿನ ಬಜಾರೆಲ್ಲ ಕಲಸಿದ ರಂಗೋಲಿ. ಆ ಮುಖ ಸುಲ್ತಾನ್ ಬಜಾರಿನದೋ, ಸೊಲ್ಲಾಪುರದ್ದೋ ಹೇಳುವಂತಿರಲಿಲ್ಲ.

ಆ ದಿನಗಳಲ್ಲಿ ನಾನು ಲಾಲಾ ದೀನ್ ದಯಾಳರ ಬಗ್ಗೆ ಓದಿದೆ. ಇವರ ಹೆಸರು ಹೈದರಾಬಾದಿನ ಮಕ್ಕಳಾದ ನಿಮಗೆ ಗೊತ್ತಿರಲೇಬೇಕು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರು. ನಿಜಾಮರೇ ಅವರಿಗೆ 'ರಾಜಾ' ಎಂಬ ಬಿರುದು ಕೊಟ್ಟರು. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ಇತ್ತು. ಪರದೆಯ ಹೆಂಗಸರು ಗಂಡಸಿನ ಮುಂದೆ ಕೂರುವಂತಿಲ್ಲವಲ್ಲ? ಅದಕ್ಕಾಗಿ ಅವರು 1892ರಲ್ಲಿ ಹೈದರಾಬಾದಿನಲ್ಲಿ ಒಂದು ಜನಾನಾ ಸ್ಟುಡಿಯೋ ತೆರೆದು, ಅದನ್ನು ನೋಡಿಕೊಳ್ಳಲು ಮಿಸೆಸ್ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದರು. ಓದಿ ನಾನು ಯೋಚಿಸಿದೆ. ಪರದೆಯ ಹೆಂಗಸರೇ ಕ್ಯಾಮೆರಾದ ಮುಂದೆ ಬಂದು ಕೂತರು, ಯಾಕೆಂದರೆ ತೆಗೆಯುವವಳು ಯಾರೆಂದು ಅವರಿಗೆ ಗೊತ್ತಿತ್ತು. ಬಯಲಲ್ಲಿ ಕೂತು ಹೂ ಮಾರುವವಳು ನನ್ನ ಮೇಲೆ ಸಿಟ್ಟಾದಳು, ಯಾಕೆಂದರೆ ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

2000ದಲ್ಲಿ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಯಚೂರಿನಿಂದ ಬಂದು ನಮ್ಮಲ್ಲಿ ಒಂದು ತಿಂಗಳಿದ್ದರು. ಕಪಾಟಿನ ಮೇಲಿದ್ದ ಕ್ಯಾಮೆರಾ ಅವರ ಕಣ್ಣಿಗೆ ಬಿತ್ತು. ಎಲ್ಲ ಹೇಳಿಕೊಂಡೆ. ಬಯ್ಯಲಿಲ್ಲ. ಆ ದಪ್ಪ ಲೆನ್ಸನ್ನು ಕೈಯಲ್ಲಿ ತೂಗಿ ನೋಡಿ ನಕ್ಕರು. "ಅವ್ವಾ, ನನ್ನ ಕಣ್ಣಾಗ ಈಗ ಹೊಸಾ ಲೆನ್ಸ್ ಹಾಕ್ಯಾರ. ಅದಕ್ಕೂ ಜೂಮ್ ಇಲ್ಲ. ನೋಡಬೇಕಂದ್ರ ಎದ್ದು ಹತ್ರ ಹೋಗಬೇಕು. ಕ್ಲಿಕ್ಕಿನಾಗೂ ಹಂಗs ಇತ್ತು" ಎಂದರು.

ಮರುದಿನವೇ ಕೋಠಿಗೆ ಹೋಗಿ ಜೂಮ್ ಕೊಟ್ಟು, ಮೇಲೆ ಸ್ವಲ್ಪ ಹಣ ಸೇರಿಸಿ, 35 ಎಂಎಂನ ಒಂದು ಪುಟ್ಟ ಲೆನ್ಸ್ ತಂದೆ. ಆ ವಾರ ಕಪ್ಪು ಕನ್ನಡಕ ಹಾಕಿದ ಅಪ್ಪನನ್ನೂ ಕರೆದುಕೊಂಡು ಸುಲ್ತಾನ್ ಬಜಾರಿಗೆ ಹೋದೆ. ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ನಾನು ಎರಡು ಮೊಳ ಮಲ್ಲಿಗೆ ಕೊಂಡು, ಕ್ಯಾಮೆರಾವನ್ನು ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಇಳಿಬಿಟ್ಟು, ನನಗೆ ಬರುವಷ್ಟು ಹಿಂದಿಯಲ್ಲಿ ಕ್ಷಮೆ ಕೇಳಿದೆ. ಒಂದು ಫೋಟೋ ತೆಗೆಯಲೇ ಎಂದೂ ಕೇಳಿದೆ. "ನಕ್ಕೋ" ಎಂದು ತಲೆಯಾಡಿಸಿದಳು. ಸರಿ, ಬೇಡ ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಆಗ ಅವಳು ಮೊಮ್ಮಗಳ ಕಡೆ ತಿರುಗಿ ಮೆಲ್ಲಗೆ ಅಂದದ್ದು ಕೇಳಿಸಿತು: "ಆವತ್ತು ಕಂಬದ ಮರಿಗೆ ನಿಂತು ತೆಗದಾಕಿ ಈಕಿನs ನೋಡು."

ಕನ್ನಡ! ನಮ್ಮ ಕಡೆಯ ಕನ್ನಡ!

"ಅವ್ವಾ, ನೀವು ಕನ್ನಡದವರೇನ್ರೀ?" ಎಂದೆ. ಅವಳೂ ಬೆಚ್ಚಿದಳು. ಅವಳದು ಕೃಷ್ಣಾ ಸ್ಟೇಷನ್ನಿನ ಹತ್ತಿರದ ಹಳ್ಳಿ, ಅಂದರೆ ನಮ್ಮ ರಾಯಚೂರಿನಿಂದ ರೈಲಿನ ಸೇತುವೆ ದಾಟಿದರೆ ಹೊಳೆಯಾಚೆಯ ಊರು. 1956ರ ನವೆಂಬರ್ 1ರಂದು ಹಳೆಯ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ಹೊಳೆಯಾಚೆಯ ಆ ಹಳ್ಳಿಗಳು ಆಂಧ್ರದಲ್ಲಿ ಉಳಿದವು. ನುಡಿ ಮಾತ್ರ ಎರಡೂ ದಂಡೆಯಲ್ಲಿ ಉಳಿಯಿತು. ಮೆಟ್ಟಿಲ ಮೇಲಿಂದ ಅಪ್ಪ, "ಯಾವ ಊರವ್ವಾ, ಯಾರ ಪೈಕಿ?" ಎಂದು ಶುರು ಮಾಡಿದರು. ಅರ್ಧ ಗಂಟೆ ಹೊಳೆ, ಬರಗಾಲ, ಜಾತ್ರೆ, ಜೋಳದ ಮಾತು. ಕೊನೆಗೆ ಅವಳೇ ಸೆರಗು ಸರಿಮಾಡಿಕೊಂಡು, "ಇನ್ನ ತೆಗಿ ನೋಡೂಣು" ಎಂದಳು.

ಎರಡು ಚಿತ್ರ ತೆಗೆದೆ. ಮೊದಲನೆಯದರಲ್ಲಿ ಪಾಸ್‌ಪೋರ್ಟ್ ಫೋಟೋದವರಂತೆ ಸೆಟೆದು ಕೂತಿದ್ದಾಳೆ. ಎರಡನೆಯದು, ಅವಳು ನನ್ನನ್ನು ಮರೆತು ಅಪ್ಪನ ಮಾತಿಗೆ ಬಾಯ್ತುಂಬ ನಗುತ್ತ ಹೂ ಕಟ್ಟುತ್ತಿದ್ದಾಗಿನದು. ನಾನು ತೆಗೆದ ಚಿತ್ರಗಳಲ್ಲಿ ನಾಲ್ಕು ಜನರಿಗೆ ತೋರಿಸುವಂಥದ್ದು ಅದೊಂದೇ ಇರಬಹುದು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕ್ಯಾಮೆರಾಕ್ಕಿಂತ ಮೊದಲು ಲೆನ್ಸನ್ನು ಗೊತ್ತುಮಾಡಿಕೊಳ್ಳಿ, ಏಕೆಂದರೆ ನೀವು ಜನರಿಂದ ಎಷ್ಟು ದೂರ ನಿಲ್ಲುತ್ತೀರಿ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಲೆಕ್ಕ ಸುಲಭ. 35 ಎಂಎಂ ಲೆನ್ಸ್ ಹಾಕಿ 10 ಅಡಿ ದೂರ ನಿಂತರೆ, ಅಡ್ಡ ಚಿತ್ರದಲ್ಲಿ ಸುಮಾರು 10 ಅಡಿ ಅಗಲದ ಬೀದಿ ಹಿಡಿಸುತ್ತದೆ. 50 ಎಂಎಂನಲ್ಲಿ 7 ಅಡಿ, 28 ಎಂಎಂನಲ್ಲಿ 13 ಅಡಿ. ನನ್ನ ಹಳೆಯ ಜೂಮಿನಲ್ಲಿ ಅದೇ 7 ಅಡಿ ಅಗಲಕ್ಕೆ ನಲವತ್ತು ಅಡಿ ಆಚೆ ನಿಲ್ಲಬೇಕಿತ್ತು. ನಲವತ್ತು ಅಡಿಯಿಂದ ಮುಖ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಜೂಮ್ ಇದ್ದಿದ್ದರೆ ಆ ಅಜ್ಜಿ ಕನ್ನಡದವಳೆಂದು ನನಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ.

35 ಎಂಎಂನಿಂದ ಇನ್ನೊಂದು ಉಪಕಾರವಿದೆ. ಅಪರ್ಚರನ್ನು 8ಕ್ಕೆ, ಫೋಕಸನ್ನು 10 ಅಡಿಗೆ ಇಟ್ಟುಬಿಟ್ಟರೆ ಸುಮಾರು 6 ಅಡಿಯಿಂದ 24 ಅಡಿಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. 50 ಎಂಎಂನಲ್ಲಿ ಅದು ಸುಮಾರು ಏಳೂವರೆಯಿಂದ 14 ಅಡಿಗೆ ಇಳಿಯುತ್ತದೆ. ಹಾಗಾಗಿ 35ರಲ್ಲಿ ಪ್ರತಿ ಸಲ ಕಣ್ಣಿಗಿಟ್ಟು ಫೋಕಸ್ ತಿರುವುತ್ತ ಕೂಡಬೇಕಿಲ್ಲ. ಮಾತಾಡುತ್ತಲೇ ಎತ್ತಿ ಒತ್ತಬಹುದು. 50 ಎಂಎಂ ತಪ್ಪೆಂದು ನಾನು ಹೇಳುತ್ತಿಲ್ಲ. ಹೆನ್ರಿ ಕಾರ್ಟಿಯರ್-ಬ್ರೆಸನ್ ತಮ್ಮ ಲೈಕಾದಲ್ಲಿ ಬಹುಪಾಲು ಬಳಸಿದ್ದು ಅದನ್ನೇ. ಹಳೆಯ ಕ್ಯಾಮೆರಾಗಳ ಜೊತೆ ಅಗ್ಗವಾಗಿ ಸಿಗುವುದೂ ಅದೇ. ಹಣ ಕಡಿಮೆಯಿದ್ದರೆ ಅದರಿಂದಲೇ ಶುರುಮಾಡಿ. ಜೂಮ್ ಮಾತ್ರ ಬೇಡ.

ಇನ್ನು ಕ್ಯಾಮೆರಾ. ಲೈಕಾ ಬೇಕೆಂದ ಹುಡುಗಿಗೆ ಮೊದಲ ಮಾತು. 1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಬಂದ ಆ ಪುಟ್ಟ ಕ್ಯಾಮೆರಾ ಇಲ್ಲದಿದ್ದರೆ ಬೀದಿಯ ಚಿತ್ರಗಳು ಈ ಮಟ್ಟಿಗೆ ಬೆಳೆಯುತ್ತಿರಲಿಲ್ಲ, ನಿಜ. ಅದರ ಎಂ6 ಮಾದರಿಯನ್ನು ಕಂಪನಿ 2022ರಲ್ಲಿ ಮತ್ತೆ ತಯಾರಿಸಿತು. ಆದರೆ ಬೆಲೆ ಲಕ್ಷಗಳಲ್ಲಿ. ಅಷ್ಟು ಹಣ ಕೊರಳಿಗೆ ಕಟ್ಟಿಕೊಂಡು ಜುಮ್ಮೆರಾತ್ ಬಜಾರಿನಲ್ಲಿ ನೀವು ಬೀದಿ ನೋಡುತ್ತೀರೋ, ಕ್ಯಾಮೆರಾ ಕಾಯುತ್ತೀರೋ?

ಸಾಮಾನ್ಯರಿಗೆ ಮೂರು ದಾರಿಗಳಿವೆ. ಒಂದು, ನನ್ನಂತೆ ಲೆನ್ಸ್ ಬದಲಿಸಬಹುದಾದ ಎಸ್ಎಲ್ಆರ್: ಪೆಂಟಾಕ್ಸ್ ಕೆ1000, ನಿಕಾನ್ ಎಫ್ಎಂ2, ಯಾಶಿಕಾ ಎಫ್ಎಕ್ಸ್-3. ಇವುಗಳ ಶಟರ್ ಸೆಲ್ ಇಲ್ಲದೆಯೂ ನಡೆಯುತ್ತದೆ. ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಕೆ1000ದ ಮೀಟರಿಗೆ ಆಫ್ ಸ್ವಿಚ್ಚೇ ಇಲ್ಲ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದಂತೆ ಲೆನ್ಸಿಗೆ ಕ್ಯಾಪ್ ಮುಚ್ಚಿಟ್ಟರೆ ಸೆಲ್ ಉಳಿಯುತ್ತದೆ. ಎಸ್ಎಲ್ಆರಿನ ಒಂದೇ ದೋಷವೆಂದರೆ ಒಳಗಿನ ಕನ್ನಡಿ 'ಖಟ್' ಎಂದು ಸದ್ದು ಮಾಡುತ್ತದೆ.

ಎರಡು, ಲೆನ್ಸ್ ಬದಲಿಸಲಾಗದ ರೇಂಜ್‌ಫೈಂಡರ್: ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17, ಯಾಶಿಕಾ ಎಲೆಕ್ಟ್ರೋ 35. ಸದ್ದು ಬಹಳ ಕಡಿಮೆ; ಲೆನ್ಸ್ 40 ಅಥವಾ 45 ಎಂಎಂ. ಆದರೆ ಇವು ಪಾದರಸದ ಸೆಲ್‌ಗಳಿಗೆಂದು ಮಾಡಿದವು. ಆ ಸೆಲ್ ಈಗ ತಯಾರಾಗುವುದಿಲ್ಲ. ಬದಲಿ ಏನು ಹಾಕುತ್ತೀರೆಂದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ಕೇಳಿ. ಮೂರು, ಒಲಿಂಪಸ್ ಟ್ರಿಪ್ 35. 40 ಎಂಎಂ ಲೆನ್ಸು, ಸೆಲ್ಲೇ ಬೇಡ, ಬೆಳಕಿನಿಂದಲೇ ಅದರ ಮೀಟರ್ ನಡೆಯುತ್ತದೆ. ಫೋಕಸಿಗೆ ನಾಲ್ಕು ಗುರುತುಗಳು, ಒಬ್ಬರಿಂದ ಹಿಡಿದು ಬೆಟ್ಟದವರೆಗೆ. ಬೆಳಕು ಸಾಲದಿದ್ದರೆ ಒಳಗೆ ಕೆಂಪು ಬಾವುಟ ಎದ್ದು 'ಒಲ್ಲೆ' ಎನ್ನುತ್ತದೆ. ಹಳೆಯದರ ರಗಳೆಯೇ ಬೇಡ ಎನ್ನುವವರಿಗೆ 2024ರಲ್ಲಿ ಬಂದ ಪೆಂಟಾಕ್ಸ್ 17 ಇದೆ. ಅದು ಅರ್ಧ ಅಳತೆಯ ಚಿತ್ರ ತೆಗೆಯುವುದರಿಂದ 36ರ ರೋಲಿನಲ್ಲಿ 72 ಬರುತ್ತವೆ.

ಹಳೆಯದನ್ನು ಕೊಳ್ಳುವುದೆಂದರೆ ಬದನೆಕಾಯಿ ಆರಿಸಿದಂತೆ. ಹೊರಗಿನ ಹೊಳಪು ನಂಬಬೇಡಿ. ಹಿಂಬಾಗಿಲು ತೆಗೆದು, ಲೆನ್ಸಿನ ಮೂಲಕ ಟಾರ್ಚ್ ಬಿಟ್ಟು ನೋಡಿ. ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಕಂಡರೆ ಬೇಡ. ಬಾಗಿಲಿನ ಅಂಚಿನ ಕರಿ ಸ್ಪಂಜು ಅಂಟಂಟಾಗಿದ್ದರೆ ಬೆಳಕು ಒಳನುಸುಳುತ್ತದೆ. ಅದನ್ನು ಬದಲಿಸಬಹುದು, ಅಷ್ಟು ಬೆಲೆ ಇಳಿಸಿ ಕೇಳಿ. ಶಟರನ್ನು ಎಲ್ಲ ವೇಗದಲ್ಲೂ ಒತ್ತಿ ನೋಡಿ. ಒಂದು ಸೆಕೆಂಡಿನದು ಒಂದು ಸೆಕೆಂಡ್ ತೆಗೆದುಕೊಳ್ಳಬೇಕು. ಕೊಂಡ ಮೇಲೆ ಒಂದು ರೋಲು ಮನೆಯಲ್ಲೇ ಓಡಿಸಿ. ತಂಗಿಯ ಮದುವೆಗೆ ಮೊದಲ ರೋಲು ಬೇಡವೇ ಬೇಡ!

ಹಣದ ಮಾತನ್ನೂ ಆಡಿಬಿಡೋಣ. ನಾನು ಶುರು ಮಾಡಿದಾಗ ಒಂದು ರೋಲು ನೂರು ರೂಪಾಯಿಯ ಆಸುಪಾಸು. ಈಗ ರೋಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಒಂದೂವರೆ ಸಾವಿರ ದಾಟಿ ಹೋಗುತ್ತದೆ. ಅಂದರೆ ಒಮ್ಮೆ ಒತ್ತಿದರೆ ನಲವತ್ತು ರೂಪಾಯಿ! ಆದ್ದರಿಂದ ಕೈಯಲ್ಲಿರುವುದನ್ನೆಲ್ಲ ಕ್ಯಾಮೆರಾಕ್ಕೆ ಸುರಿಯಬೇಡಿ. ಹತ್ತು ರೋಲಿನ ಹಣ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಕೊಳ್ಳಿ. ಬೀದಿಗೆ 400ರ ಫಿಲ್ಮ್ ಒಳ್ಳೆಯದು, ಕಪ್ಪು-ಬಿಳುಪಾದರೆ ಇಲ್ಫೋರ್ಡ್ ಎಚ್‌ಪಿ5 ಅಥವಾ ಕೊಡಾಕ್ ಟ್ರೈ-ಎಕ್ಸ್. ಮೀಟರ್ ಕೆಟ್ಟಿದ್ದರೂ ಚಿಂತೆಯಿಲ್ಲ. ನಮ್ಮೂರಿನ ಬಟ್ಟಬಿಸಿಲಿನಲ್ಲಿ ಅಪರ್ಚರ್ 16, ಶಟರ್ 500. ಅದೇ ಶಟರಿಗೆ ಅಂಗಡಿಯ ನೆರಳಿನಲ್ಲಿ ಅಪರ್ಚರ್ 5.6. ಸಾರಿಗೆ ಉಪ್ಪು ಹಾಕಿದ ಹಾಗೆ, ನಾಲ್ಕು ಸಲ ಮಾಡಿದರೆ ಕೈಯೇ ಹೇಳುತ್ತದೆ.

ದೊಡ್ಡವರ ಚಿತ್ರಗಳನ್ನೂ ನೋಡಿ. ಕನ್ನಡಿಗರಾದ ನೀವು ಮೊದಲು ನೋಡಬೇಕಾದವರು ಮೈಸೂರಿನ ಟಿ. ಎಸ್. ಸತ್ಯನ್ (1923–2009). ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಸಾಮಾನ್ಯ ಜನರನ್ನು ಅವರು ಎಷ್ಟು ಹತ್ತಿರ ಹೋಗಿ, ಎಷ್ಟು ಮರ್ಯಾದೆಯಿಂದ ತೆಗೆದಿದ್ದಾರೆಂಬುದನ್ನು ಗಮನಿಸಿ.

ಹೂವಿನ ಅಜ್ಜಿಯ ಕಥೆ ಮುಗಿದಿಲ್ಲ. ನಗುವ ಚಿತ್ರದ ಒಂದು ಪ್ರತಿಯನ್ನು ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಮಾಡಿಸಿ ಕೊಟ್ಟೆ. ಅವಳು ಅದನ್ನು ಹೂವಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡಳು. ಮುಂದೆ ಪ್ರತಿ ವರಮಹಾಲಕ್ಷ್ಮಿಗೆ ನಮ್ಮ ಮನೆಗೆ ಹೂ ಅವಳಿಂದಲೇ, ಮೊಮ್ಮಗಳು ತಂದುಕೊಡುತ್ತಿದ್ದಳು. ಆಮೇಲೆ ಸುಲ್ತಾನ್ ಬಜಾರಿನ ಮೇಲೆ ಮೆಟ್ರೋ ಹಾಯುವ ಮಾತು ಬಂತು. ಅಂಗಡಿಯವರು ವರ್ಷಗಟ್ಟಲೆ ವಿರೋಧಿಸಿದರೂ ಕೊನೆಗೆ ಕಂಬಗಳು ಎದ್ದವು. 2020ರ ಫೆಬ್ರವರಿ 7ರಂದು ಆ ಮಾರ್ಗ ಶುರುವಾಯಿತು. ಅಜ್ಜಿ ಅಷ್ಟರಲ್ಲಿ ಜಾಗ ಬಿಟ್ಟು ಮನೆ ಹಿಡಿದಿದ್ದಳು. ಅದೇ ಅಕ್ಟೋಬರಿನ ಮಳೆಯಲ್ಲಿ ಮೂಸಿ ದಂಡೆಯ ಅವರ ಬಸ್ತಿಗೆ ನೀರು ನುಗ್ಗಿತು. ಮರುವರ್ಷ ಅಜ್ಜಿ ತೀರಿಕೊಂಡಳು.

ಹದಿನೈದು ದಿನ ಕಳೆದ ಮೇಲೆ ಮೊಮ್ಮಗಳು ನಮ್ಮ ಮನೆಗೆ ಬಂದಳು. ಮೆಟ್ಟಿಲ ಬಳಿ ಕೂರುತ್ತಿದ್ದ ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. "ಅಮ್ಮಾರ, ಅವ್ವನ ಫೋಟೋ ನಿಮ್ಮತ್ರ ಇನ್ನೂ ಅದ ಏನ್ರೀ?" ಎಂದಳು. ಹೂವಿನ ಡಬ್ಬಿ ನೆರೆಯಲ್ಲಿ ಹೋಗಿತ್ತು. ಮೊಬೈಲಿನಲ್ಲಿದ್ದ ಚಿತ್ರಗಳು ಮೊಬೈಲಿನ ಜೊತೆಗೇ ನೀರು ಪಾಲು. ಗೋಡೆಗೆ ಹಾಕಿ ಹಾರ ಹಾಕಲು ಉಳಿದದ್ದು ಆಧಾರ್ ಕಾರ್ಡಿನ ಚಿತ್ರ ಒಂದೇ. "ಅದರಾಗ ಅವ್ವ ಅವ್ವನ ಹಂಗs ಇಲ್ರೀ" ಎಂದು ಕಣ್ಣೊರೆಸಿಕೊಂಡಳು.

ನನ್ನ ನೆಗೆಟಿವ್‌ಗಳೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿವೆ, ವರ್ಷ ಬರೆದ ಚೀಟಿಯ ಜೊತೆ, ತೇವ ಹಿಡಿಯದಂತೆ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ. 2000ದ ಚೀಟಿ ಸಿಕ್ಕಿತು. ಕಿಟಕಿಗೆ ಹಿಡಿದು ನೋಡಿದೆವು. ಬಣ್ಣ ಅದಲುಬದಲಾದ ಆ ಹೆಬ್ಬೆರಳಗಲದ ಚಿತ್ರದಲ್ಲೂ ಅವಳು ಅಜ್ಜಿಯನ್ನು ಕೂಡಲೇ ಗುರುತಿಸಿದಳು. ಸ್ಕ್ಯಾನ್ ಮಾಡಿಸಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕೊಟ್ಟೆ. ಬಣ್ಣ ತುಸು ಮಾಸಿತ್ತು, ನಗು ಮಾಸಿರಲಿಲ್ಲ.

ಚಿತ್ರ ನೋಡುತ್ತ ಅವಳು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು: ಇದು ಅವ್ವ, ಇದು ನಾನು, ಇದು ನನ್ನ ಮುರಿದ ಚಪ್ಪಲಿ, ಇವು ನಾವು ಕೂಡುತ್ತಿದ್ದ ಮೆಟ್ಟಿಲು, ಇದು ಎದುರಿನ ಬಳೆ ಬಂಡಿ. ಅಂಚಿನಲ್ಲಿ ಕಪ್ಪು ಕನ್ನಡಕದ ನನ್ನ ಅಪ್ಪನ ಮೊಣಕಾಲು ಮತ್ತು ಊರುಗೋಲು. ಅಪ್ಪ ಹೋಗಿ ಆಗಲೇ ಹನ್ನೊಂದು ವರ್ಷ. ಅವರು ಆ ಚಿತ್ರದಲ್ಲಿರುವುದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಕಂಬದ ಮರೆಯಿಂದ ತೆಗೆದ ಆ ಮೂರು ಚಿತ್ರಗಳೂ ಅದೇ ಡಬ್ಬಿಯಲ್ಲಿದ್ದವು. ಅವುಗಳನ್ನು ಅವಳಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಮಕ್ಕಳೇ, ಕ್ಯಾಮೆರಾ ಕೊಳ್ಳಿ. ಅಪ್ಪ-ಅಮ್ಮ ಬೈದರೆ ಈ ಪುಟ ತೋರಿಸಿ. ಹತ್ತಡಿಯಲ್ಲಿ ನಿಲ್ಲಿ, ಮೊದಲು ನಮಸ್ಕಾರ ಹೇಳಿ, ಬೇಡವೆಂದರೆ ನಕ್ಕು ಮುಂದೆ ಹೋಗಿ. ಮಕ್ಕಳ ಚಿತ್ರ ತೆಗೆಯುವಾಗ ತಾಯಿಯನ್ನು ಕೇಳಿಯೇ ತೆಗೆಯಿರಿ. ಚಿತ್ರ ಚೆನ್ನಾಗಿ ಬಂದರೆ ಒಂದು ಪ್ರತಿ ಅವರಿಗೆ ಮುಟ್ಟಿಸಿ. ನೆಗೆಟಿವನ್ನು ಸ್ಟುಡಿಯೋದಲ್ಲೇ ಬಿಟ್ಟು ಬರಬೇಡಿ. ಸ್ಕ್ಯಾನ್ ಬಂತಲ್ಲ ಎಂದು ಎಷ್ಟೋ ಜನ ಬಿಟ್ಟುಬರುತ್ತಾರಂತೆ!

ಯುಗಾದಿಯ ಕಾರ್ಯಕ್ರಮಕ್ಕೆ ಬರುವಾಗ ನಿಮ್ಮ ಮೊದಲ ರೋಲಿನ ಚಿತ್ರಗಳನ್ನು ತನ್ನಿ. ಪೂರ್ತಿ ಖಾಲಿ ಬಂದಿದ್ದರೂ ತನ್ನಿ, ಜೊತೆಗೆ ಕೂತು ನಗೋಣ. ಚಹಾ, ಮಂಡಕ್ಕಿ ಒಗ್ಗರಣೆ ನನ್ನ ಲೆಕ್ಕ.